ಬ್ಯಾಟರಿಗೆ ಜಾಗ ಮಾಡಿಕೊಟ್ಟ ಪೋರ್ಶೆ

1970ರ ದಶಕದ ನಡುವೆ ಜಪಾನಿನ ಶಿಝುವೊಕಾದಲ್ಲಿ ಶುನ್ಸಾಕು ತಮಿಯಾ ಎಂಬ ಮಾದರಿ ತಯಾರಕರು ಪೋರ್ಶೆ 911 ಕಾರೊಂದನ್ನು ಕೊಂಡರು. ಕೊಂಡದ್ದು ಬಿಚ್ಚುವುದಕ್ಕೆ. ಒಂದೊಂದೇ ಬೋಲ್ಟು ಕಳಚಿ, ಬಿಡಿಭಾಗಗಳ ಅಳತೆ ತೆಗೆದು, ಫೋಟೊ ಹಿಡಿದು ಮುಗಿಸುವ ಹೊತ್ತಿಗೆ ಅದನ್ನು ಮತ್ತೆ ಜೋಡಿಸುವುದು ಅವರ ಕೈಯಲ್ಲಿ ಆಗುವಂತಿರಲಿಲ್ಲ; ಪೋರ್ಶೆಯ ಕೆಲಸ ಬಲ್ಲವರನ್ನೇ ಕರೆಸಬೇಕಾಯಿತು. ಅವರ ಕಂಪನಿ ಆಗ ಪೋರ್ಶೆ 934 ರೇಸ್ ಕಾರಿನ ಪ್ಲಾಸ್ಟಿಕ್ ಮಾದರಿ ಮಾಡುತ್ತಿತ್ತು, ನಿಜ ಕಾರಿನ ಹನ್ನೆರಡನೇ ಒಂದು ಅಳತೆಯಲ್ಲಿ. ಇಷ್ಟು ಶ್ರದ್ಧೆಗೆ ತಕ್ಕ ಹಾಗೆ ಅಚ್ಚುಗಳ ಖರ್ಚೂ ಏರಿತು. ಬರೀ ಕಪಾಟಿನಲ್ಲಿ ಇಡುವ ಮಾದರಿಯಾಗಿ ಮಾರಿದರೆ ಹಾಕಿದ ದುಡ್ಡು ಹಿಂದಿರುಗುವ ಲಕ್ಷಣ ಇರಲಿಲ್ಲ.

ಅದೇ ಅಚ್ಚಿನಿಂದ ಇನ್ನೊಂದು ಸರಕು ಹೊರಡಿಸಬೇಕೆಂದು ಹುಡುಕಿದಾಗ ಹೊಳೆದದ್ದು ರೇಡಿಯೊ. 934ರ ಮೈ ಅಗಲ, ಎಂಜಿನ್ ಹಿಂದೆ, ನಡುವೆ ಸಾಕಷ್ಟು ಖಾಲಿ ಜಾಗ. ಫಾರ್ಮುಲಾ ಒನ್ ಕಾರಿನ ಸಣಕಲು ಮೈಯಲ್ಲಿ ತೂರಿಸಲಾಗದ ಬ್ಯಾಟರಿ, ರಿಸೀವರ್, ಸ್ಟಿಯರಿಂಗ್ ತಿರುಗಿಸುವ ಸರ್ವೊ ಎಲ್ಲವೂ ಇಲ್ಲಿ ಹಿಡಿಸುತ್ತಿದ್ದವು. 1976ರ ಡಿಸೆಂಬರಿನಲ್ಲಿ 9,800 ಯೆನ್ ಬೆಲೆಗೆ ಆ ಕಿಟ್ ಅಂಗಡಿಗೆ ಬಂತು. ರೇಡಿಯೊ, ಬ್ಯಾಟರಿಗೆ ಬೇರೆ ದುಡ್ಡು. ಒಂದು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು.

ಇಂದು ವಿದ್ಯುತ್ ಚಾಲಿತ ರೇಡಿಯೊ ಕಂಟ್ರೋಲ್ ಟೂರಿಂಗ್ ಕಾರು ಕೊಳ್ಳಲು ಹೊರಟವರ ಮುಂದೆ ದೊಡ್ಡ ಪಟ್ಟಿಯೇ ಇರುತ್ತದೆ. ಶಾಫ್ಟೋ ಬೆಲ್ಟೋ, ಬ್ರಷ್ ಮೋಟಾರೋ ಬ್ರಷ್‌ಲೆಸ್ಸೋ, 17.5 ಸುತ್ತೋ 21.5 ಸುತ್ತೋ, ಎಷ್ಟು ಮಿಲಿಆಂಪ್‌ನ ಲೈಪೋ, ಯಾವ ಗೇರು, ಯಾವ ಟಯರು. ಹೊಸಬರು ಇಲ್ಲೇ ತಬ್ಬಿಬ್ಬಾಗುತ್ತಾರೆ. ಆದರೆ ಪಟ್ಟಿಯಲ್ಲಿರುವ ಒಂದೊಂದು ಹೆಸರೂ ಹಿಂದೆ ಯಾರೋ ಪಟ್ಟ ಪಾಡಿಗೆ ಕಂಡುಕೊಂಡ ಉತ್ತರ. ಆ ಪಾಡು ಯಾವುದೆಂದು ತಿಳಿದರೆ ಆ ವಸ್ತು ತನಗೆ ಬೇಕೋ ಬೇಡವೋ ಎನ್ನುವುದೂ ತಿಳಿಯುತ್ತದೆ. ಹಾಗಾಗಿ ಈ ಕಾರಿನ ಚರಿತ್ರೆಯನ್ನು ಅದರ ಬಿಡಿಭಾಗಗಳ ಜೊತೆಯಲ್ಲೇ ಹೇಳುವುದು ಒಳ್ಳೆಯದು.

ದೂರದಿಂದ ವಾಹನ ನಡೆಸುವ ಆಸೆ ಕಾರಿಗಿಂತ ಮೊದಲು ದೋಣಿಯಲ್ಲಿ ಕೈಗೂಡಿತ್ತು. 1898ರಲ್ಲಿ ನಿಕೋಲಾ ಟೆಸ್ಲಾ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನೀರಿನ ತೊಟ್ಟಿಯೊಳಗೆ ಪುಟ್ಟ ದೋಣಿಯೊಂದನ್ನು ತಂತಿಯಿಲ್ಲದೆ ತಿರುಗಿಸಿ ತೋರಿಸಿದ್ದರು. ಕಾರಿನ ಸರದಿ ಬರಲು ಟ್ರಾನ್ಸಿಸ್ಟರ್ ಹುಟ್ಟಬೇಕಾಯಿತು. ವಾಲ್ವ್ ರೇಡಿಯೊ ಹೊತ್ತು ಓಡುವಷ್ಟು ಶಕ್ತಿ ಸಣ್ಣ ಕಾರಿಗೆ ಎಲ್ಲಿಂದ ಬರಬೇಕು? ಅಂಗಡಿಯಲ್ಲಿ ಸಿಗುವಂತೆ ಬಂದ ಮೊದಲ ರೇಡಿಯೊ ಕಾರು ಇಟಲಿಯ ಎಲ್‌ಜಿ ಎಂಬ ಕಂಪನಿಯ ಫೆರಾರಿ 250ಎಲ್‌ಎಂ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅದು ಬಂದದ್ದು 1966ರಲ್ಲಿ. ಮರುವರ್ಷ ಅಮೆರಿಕದಲ್ಲಿ ಇಂಥ ಕಾರುಗಳ ರೇಸಿಗಾಗಿ ರೋರ್ ಎಂಬ ಸಂಸ್ಥೆ ಹುಟ್ಟಿತು. ಆಗಿನ ರೇಸಿನ ದೊರೆ ನೈಟ್ರೊ ಇಂಧನದ ಎಂಜಿನ್. ಗದ್ದಲ, ಹೊಗೆ, ಎಣ್ಣೆ ಜಿಡ್ಡು; ಬಯಲಿನಲ್ಲಲ್ಲದೆ ಬೇರೆಲ್ಲೂ ಓಡಿಸಲಾಗದು. ವಿದ್ಯುತ್ ಕಾರು ಗಂಭೀರ ವಸ್ತುವಾಗಬಹುದೆಂದು ಹೆಚ್ಚಿನವರು ಎಣಿಸಿರಲಿಲ್ಲ.

ಶಿಝುವೊಕಾಕ್ಕೆ ಮರದ ಕುಶಲಕೆಲಸದ ಹಳೆಯ ಪರಂಪರೆ ಇದೆ. ಶುನ್ಸಾಕು ಅವರ ತಂದೆ ಯೋಶಿಯೊ ತಮಿಯಾ 1946ರಲ್ಲಿ ಅಲ್ಲಿ ಶುರುಮಾಡಿದ್ದು ಮರ ಕೊಯ್ಯುವ ಮಿಲ್ಲು. ಅದರ ಪಕ್ಕದಲ್ಲೇ ಮರದ ಹಡಗು, ವಿಮಾನಗಳ ಮಾದರಿ ತಯಾರಿಕೆ ಬೆಳೆಯಿತು. 1953ರಲ್ಲಿ ಮರದ ವ್ಯಾಪಾರ ಬಿಟ್ಟು ಮಾದರಿಗಳನ್ನೇ ನೆಚ್ಚಿಕೊಂಡರು. ಹೊರದೇಶದ ಪ್ಲಾಸ್ಟಿಕ್ ಕಿಟ್‌ಗಳು ಜಪಾನಿಗೆ ಬಂದಾಗ ಮರದ ಮಾದರಿ ಕೇಳುವವರಿಲ್ಲವಾದರು. 1960ರಲ್ಲಿ ಹೊರಬಂದ ತಮಿಯಾದ ಮೊದಲ ಪ್ಲಾಸ್ಟಿಕ್ ಕಿಟ್ ಯಮಾಟೊ ಯುದ್ಧನೌಕೆ ಎದುರಾಳಿಯ ಅಗ್ಗದ ಯಮಾಟೊ ಎದುರು ಸೋತಿತು. ಕಂಪನಿಯನ್ನು ಎತ್ತಿ ನಿಲ್ಲಿಸಿದ್ದು ಆಮೇಲೆ ಬಂದ ಪ್ಯಾಂಥರ್ ಟ್ಯಾಂಕ್. ಅದರ ಅಳತೆ ಮೂವತ್ತೈದನೇ ಒಂದು. ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು? ಮೋಟಾರು, ಬ್ಯಾಟರಿ ಒಳಗೆ ಕೂರುವಷ್ಟು ದೊಡ್ಡದಾಗಿ ಟ್ಯಾಂಕಿನ ಹೊಟ್ಟೆ ಮಾಡಿ, ಆಮೇಲೆ ಲೆಕ್ಕ ಹಾಕಿದಾಗ ಸಿಕ್ಕ ಅಳತೆ ಅದು. ಇಂದು ಜಗತ್ತಿನ ಸೈನಿಕ ಮಾದರಿಗಳಲ್ಲಿ ಬಹಳಷ್ಟು ಅದೇ ಅಳತೆ ಹಿಡಿದಿವೆ. ಅಂದರೆ ಮೊದಲು ಬ್ಯಾಟರಿ, ಆಮೇಲೆ ಮೈ ಎನ್ನುವ ಯೋಚನೆ ಪೋರ್ಶೆಗೂ ಹದಿನೈದು ವರ್ಷ ಹಿಂದಿನಿಂದಲೇ ಆ ಕಾರ್ಖಾನೆಯ ಗೋಡೆಗಳೊಳಗೆ ಇತ್ತು. 934ಕ್ಕೂ ಎರಡು ವರ್ಷ ಮೊದಲು, 1974ರಲ್ಲಿ, ಅವರು ರೇಡಿಯೊದಿಂದ ನಡೆಯುವ ಶರ್ಮನ್ ಟ್ಯಾಂಕನ್ನೂ ಹೊರತಂದಿದ್ದರು. ಶುನ್ಸಾಕು 2025ರ ಜುಲೈನಲ್ಲಿ, ತೊಂಬತ್ತರ ವಯಸ್ಸಿನಲ್ಲಿ ತೀರಿಕೊಂಡರು. ಅವರು ಕಂಡ ದಾರಿಯಲ್ಲಿ ನಡೆದು ಬಂದ ವ್ಯಾಪಾರ ಇಡೀ ಭೂಗೋಳದಲ್ಲಿ ಹರಡಿದೆ.

934ರಲ್ಲಿ ಶಕ್ತಿ ಹೋಗುತ್ತಿದ್ದದ್ದು ಹಿಂದಿನ ಎರಡು ಚಕ್ರಗಳಿಗೆ ಮಾತ್ರ. ವೇಗದ ನಿಯಂತ್ರಣವೂ ಆ ಕಾಲದ್ದೇ: ಸರ್ವೊ ಒಂದು ಲೋಹದ ತೋಳನ್ನು ತಿರುಗಿಸುತ್ತದೆ, ತೋಳು ಒಂದು ಸಂಪರ್ಕದಿಂದ ಇನ್ನೊಂದಕ್ಕೆ ಜಾರುತ್ತದೆ, ನಡುವೆ ರೆಸಿಸ್ಟರ್ ಇದೆ. ನಿಧಾನ ಹೋಗುವಾಗ ಬ್ಯಾಟರಿಯ ಶಕ್ತಿ ಆ ರೆಸಿಸ್ಟರಿನಲ್ಲಿ ಬಿಸಿಯಾಗಿ ಹಾಳಾಗುತ್ತಿತ್ತು. ಮುಟ್ಟಿದರೆ ಬೆರಳು ಸುಡುತ್ತಿತ್ತು. ವೇಗದಲ್ಲಿ ಮೆಟ್ಟಿಲುಗಳು ಎರಡೋ ಮೂರೋ, ಅಷ್ಟೇ. ತಿರುವಿನಲ್ಲಿ ನಯವಾಗಿ ವೇಗ ಇಳಿಸಿ ಏರಿಸುವ ಸುಖ ಆಗಿನ ಹುಡುಗರಿಗೆ ಸಿಗಲಿಲ್ಲ.

1980ರ ದಶಕ ಬಗ್ಗಿಗಳದ್ದು. ಮಣ್ಣು, ಮರಳು, ಹುಲ್ಲು, ಎಲ್ಲಿ ಬಿಟ್ಟರೂ ಓಡುವ ಗ್ರಾಸ್‌ಹಾಪರ್, ಹಾರ್ನೆಟ್, ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಹಾಟ್‌ಶಾಟ್. ಜಪಾನ್, ಯುರೋಪ್, ಅಮೆರಿಕಗಳಲ್ಲಿ ಒಂದು ತಲೆಮಾರು ಸ್ಕ್ರೂಡ್ರೈವರ್ ಹಿಡಿಯಲು ಕಲಿತದ್ದೇ ಇವುಗಳ ಮೇಲೆ. ಇನ್ನೊಂದು ಕಡೆ ಕ್ಯಾಲಿಫೋರ್ನಿಯಾದ ಅಸೋಸಿಯೇಟೆಡ್ ಕಂಪನಿಯಂಥವರು ಹನ್ನೆರಡನೇ ಒಂದು ಅಳತೆಯ ಚಪ್ಪಟೆ ಕಾರುಗಳನ್ನು ಮಾಡುತ್ತಿದ್ದರು. ಸಭಾಂಗಣಕ್ಕೆ ಕಾರ್ಪೆಟ್ ಹಾಸಿ, ಎಂಟು ನಿಮಿಷ ಓಡಿಸುವ ರೇಸು. ಬಗ್ಗಿಗೆ ಮಣ್ಣಿನ ಟ್ರ್ಯಾಕ್ ಬೇಕು, ಚಪ್ಪಟೆ ಕಾರಿಗೆ ಕಾರ್ಪೆಟ್ ಬೇಕು. ಊರಿನಲ್ಲಿ ಧಾರಾಳವಾಗಿ ಸಿಗುವ ಡಾಂಬರಿಗೆ, ಭಾನುವಾರ ಖಾಲಿ ಬಿದ್ದಿರುವ ಪಾರ್ಕಿಂಗ್ ಜಾಗಕ್ಕೆ ಹೇಳಿಮಾಡಿಸಿದ ಕಾರು ಇರಲಿಲ್ಲ.

ಆ ಕೊರತೆಯನ್ನು ತುಂಬಿದ್ದು ಟಿಎ01. 1991ರಲ್ಲಿ ತಮಿಯಾ ಹೊರತಂದ ಈ ಚಾಸಿಯೇ ಇಂದಿನ ವಿದ್ಯುತ್ ಟೂರಿಂಗ್ ಕಾರಿನ ಮೂಲಪುರುಷ ಎಂದರೆ ತಪ್ಪಿಲ್ಲ. ಅದನ್ನು ಯಾರೂ ಸೊನ್ನೆಯಿಂದ ಚಿತ್ರಿಸಿ ಮಾಡಲಿಲ್ಲ. ಮಂಟಾ ರೇ ಎಂಬ ಬಗ್ಗಿಯ ಗೇರ್‌ಬಾಕ್ಸುಗಳು, ನಡುವೆ ಹಾಯುವ ಶಾಫ್ಟು, ನಾಲ್ಕೂ ಚಕ್ರಕ್ಕೆ ಸ್ವತಂತ್ರ ಸಸ್ಪೆನ್ಶನ್ ಎಲ್ಲವನ್ನೂ ತೆಗೆದುಕೊಂಡು, ನೆಲಕ್ಕೆ ಇಳಿಸಿ, ಸಣ್ಣ ರಬ್ಬರ್ ಟಯರು ತೊಡಿಸಿ, ಮೇಲೆ ಸಲೂನ್ ಕಾರಿನ ಮೈ ಮುಚ್ಚಿದರು. ಟೊಯೊಟಾ ಸೆಲಿಕಾ, ನಿಸಾನ್ ಸ್ಕೈಲೈನ್, ಲಾನ್ಸಿಯಾ ಡೆಲ್ಟಾ, ಹೀಗೆ ಜನ ರಸ್ತೆಯಲ್ಲಿ, ಟಿವಿಯಲ್ಲಿ ಕಾಣುತ್ತಿದ್ದ ಕಾರುಗಳು. ಅಳತೆ ಹತ್ತನೇ ಒಂದು, ಅಗಲ ಸುಮಾರು 190 ಮಿಲಿಮೀಟರ್, ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ 257 ಮಿಲಿಮೀಟರ್.

ಈ ಎರಡು ಸಂಖ್ಯೆಗಳನ್ನು ಓದುಗರು ನೆನಪಿಡಬೇಕು. ಇಂದಿಗೂ ಟೂರಿಂಗ್ ಕಾರಿನ ಮೈ ಕೊಳ್ಳುವಾಗ ಪೊಟ್ಟಣದ ಮೇಲೆ ಕಾಣುವುದು 190 ಎಂಬ ಅಗಲವೇ. ಕಂಪನಿ ಯಾವುದಾದರೇನು, ಒಂದರ ಮೈ ಇನ್ನೊಂದರ ಚಾಸಿಗೆ ಕೂರುತ್ತದೆ. ಹವ್ಯಾಸವೊಂದು ಬೇರೂರಲು ಇಂಥ ಸಾಮಾನ್ಯ ಅಳತೆ ಎಷ್ಟು ಮುಖ್ಯವೆಂದು ಅಂದಿನ ತಯಾರಕರು ಎಣಿಸಿದ್ದರೋ ಇಲ್ಲವೋ, ಫಲ ಮಾತ್ರ ಎಲ್ಲರಿಗೂ ಸಿಕ್ಕಿತು.

ಕಾಲವೂ ಕೂಡಿಬಂದಿತ್ತು. ಜಪಾನಿನ ಗ್ರೂಪ್ ಎ ಟೂರಿಂಗ್ ಕಾರ್ ರೇಸಿನಲ್ಲಿ 1990ರಿಂದ 1993ರವರೆಗೆ ನಡೆದ 29 ರೇಸುಗಳನ್ನೂ ಆರ್32 ಸ್ಕೈಲೈನ್ ಜಿಟಿ-ಆರ್ ಕಾರುಗಳೇ ಗೆದ್ದವು. ಜರ್ಮನಿಯಲ್ಲಿ ಡಿಟಿಎಂ ಮೈದಾನದಲ್ಲಿ ಮರ್ಸಿಡಿಸ್ 190ಇ, ಬಿಎಂಡಬ್ಲ್ಯು ಎಂ3ಗಳ ಕಾದಾಟ. ಇಂಗ್ಲೆಂಡಿನಲ್ಲಿ ಎರಡು ಲೀಟರ್ ಸಲೂನ್‌ಗಳ ರೇಸಿಗೆ ಟಿವಿಯ ಪ್ರೇಕ್ಷಕರು ಮುಗಿಬಿದ್ದಿದ್ದರು. ಅಪ್ಪನ ಕಾರಿನಂತೆ ಕಾಣುವ ಕಾರು ರೇಸ್ ಗೆಲ್ಲುತ್ತಿದ್ದ ಕಾಲವದು. ಅದರ ಚಿಕ್ಕ ರೂಪ ಮೇಜಿನ ಮೇಲೆ ಬಂದರೆ ಯಾರು ಬೇಡವೆಂದಾರು?

ತಮಿಯಾ ಟಿಎ01 ಚಾಸಿಯನ್ನು ಆಟಕ್ಕೆಂದು ಮಾಡಿತ್ತು, ಆದರೆ ರೇಸಿನವರ ಕೈಗೆ ಸಿಕ್ಕ ಮೇಲೆ ಆಟ ಬೇರೆಯಾಯಿತು. 1990ರ ದಶಕದ ನಡುವೆ ಜಪಾನಿನ ಯೊಕೊಮೊ, ಕ್ಯಾಲಿಫೋರ್ನಿಯಾದ ಎಚ್‌ಪಿಐ ಬೆಲ್ಟಿನಿಂದ ನಡೆಯುವ ಟೂರಿಂಗ್ ಕಾರುಗಳನ್ನು ತಂದವು. ಬೆಲ್ಟಿನ ಗುಣ ಸರಳ: ಗೇರುಗಳ ಉಜ್ಜಾಟ ಕಡಿಮೆ, ಶಬ್ದ ಕಡಿಮೆ, ಶಕ್ತಿ ಕೊಡುವಾಗ ಕಾರು ಒಂದು ಪಕ್ಕಕ್ಕೆ ವಾಲುವುದಿಲ್ಲ. ಉದ್ದಕ್ಕೆ ತಿರುಗುವ ಶಾಫ್ಟು ವೇಗ ಏರಿಸಿದಾಗಲೆಲ್ಲ ಚಾಸಿಯನ್ನು ತುಸು ತಿರುಚಲು ನೋಡುತ್ತದೆ. ಆದರೆ ಬೆಲ್ಟಿಗೆ ಕಲ್ಲು, ಮರಳು ಆಗದು. ಹರಳೊಂದು ಹಲ್ಲಿನ ನಡುವೆ ಸಿಕ್ಕರೆ ಅಂದಿನ ರೇಸು ಮುಗಿದಂತೆ. 1999ರಲ್ಲಿ ಅಸೋಸಿಯೇಟೆಡ್‌ನ ಟಿಸಿ3 ಅಚ್ಚಿನ ಚಾಸಿ ಮತ್ತು ಶಾಫ್ಟಿನೊಂದಿಗೆ ಬಂದು ಬೆಲ್ಟಿನವರನ್ನು ಬೆಚ್ಚಿಬೀಳಿಸಿತು. 2002ರಲ್ಲಿ ಥಾಯ್ಲೆಂಡಿನ ಸುರಿಕರ್ಣ್ ಚೈದೇಜ್‌ಸುರಿಯ ವಿಶ್ವಚಾಂಪಿಯನ್ ಆದದ್ದು ತಮಿಯಾದ ಶಾಫ್ಟ್ ಕಾರಿನಲ್ಲೇ. ಎರಡೇ ವರ್ಷದಲ್ಲಿ ಗಾಳಿ ತಿರುಗಿತು. ಜರ್ಮನಿಯ ಮಾರ್ಕ್ ರೈನಾರ್ಡ್ 2004ರಲ್ಲಿ ಫ್ಲೋರಿಡಾದಲ್ಲಿ, 2008ರಲ್ಲಿ ಬ್ಯಾಂಕಾಕಿನಲ್ಲಿ, 2010ರಲ್ಲಿ ತಮ್ಮ ದೇಶದ ಬುರ್ಗ್‌ಡಾರ್ಫ್‌ನಲ್ಲಿ ವಿಶ್ವಕಪ್ ಎತ್ತಿದರು, ಮೂರೂ ಬಾರಿ ತಮಿಯಾದ ಬೆಲ್ಟ್ ಕಾರಿನಲ್ಲಿ. ಆಮೇಲಿನ ಚಾಂಪಿಯನ್‌ಗಳೂ ಬೆಲ್ಟಿನವರೇ: 2016ರಲ್ಲಿ ಬೀಜಿಂಗ್‌ನಲ್ಲಿ ಯೊಕೊಮೊ ಓಡಿಸಿದ ರೊನಾಲ್ಡ್ ಫೋಲ್ಕರ್, 2018ರಲ್ಲಿ ದಕ್ಷಿಣ ಆಫ್ರಿಕಾದ ವೆಲ್ಕಮ್‌ನಲ್ಲಿ ಸ್ಲೊವಾಕಿಯಾದ ಎಕ್ಸ್‌ರೇ ಓಡಿಸಿದ ಪೋರ್ಚುಗಲ್ಲಿನ ಬ್ರೂನೊ ಕೊಯೆಲ್ಯೊ.

ಹಾಗೆಂದು ಶಾಫ್ಟು ಸಾಯಲಿಲ್ಲ. ಅದು ಕಲಿಯುವವರ ಕಾರಿಗೆ ಇಳಿದು ಅಲ್ಲೇ ಗಟ್ಟಿಯಾಯಿತು. 2003ರ ಟಿಟಿ-01, ಅದರ ಉತ್ತರಾಧಿಕಾರಿಯಾಗಿ 2013ರಲ್ಲಿ ಬಂದ ಟಿಟಿ-02 ಎರಡೂ ತೊಟ್ಟಿಯಂಥ ಪ್ಲಾಸ್ಟಿಕ್ ಚಾಸಿಯವು, ಗೇರುಗಳು ಮುಚ್ಚಿದ ಪೆಟ್ಟಿಗೆಯೊಳಗೆ. ನಮ್ಮ ಊರುಗಳ ಪಾರ್ಕಿಂಗ್ ಜಾಗಗಳಲ್ಲಿ ಗುಡಿಸಿದಷ್ಟೂ ಏಳುವ ಸಿಮೆಂಟ್ ಧೂಳು, ಮೂಲೆಯಲ್ಲಿ ಉಳಿದ ಎಂ-ಸ್ಯಾಂಡ್ ನೆನೆದರೆ ಬೆಂಗಳೂರಿನ ಹೊಸಬರಿಗೆ ಯಾವುದು ಸರಿ ಎಂದು ಬೇರೆ ಹೇಳಬೇಕಾಗಿಲ್ಲ. ತೆರೆದ ಬೆಲ್ಟಿನ, ಕಾರ್ಬನ್ ಫೈಬರ್ ಹಲಗೆಯ ರೇಸ್ ಕಾರು ಅಚ್ಚುಕಟ್ಟಾದ ಟ್ರ್ಯಾಕಿಗೆ ಹುಟ್ಟಿದ್ದು.

ಮೋಟಾರಿನ ಕಥೆ ಇನ್ನೂ ರಸವತ್ತಾದದ್ದು. ಈ ಕಾರುಗಳ ಮೋಟಾರಿಗೆ 540 ಎಂಬ ಹೆಸರು ಕೊಟ್ಟದ್ದು ಜಪಾನಿನ ಮಬುಚಿ ಕಂಪನಿ. ಸುಮಾರು 36 ಮಿಲಿಮೀಟರ್ ವ್ಯಾಸದ ಬೆಳ್ಳಿಬಣ್ಣದ ಡಬ್ಬಿ. ಕಿಟ್ ಜೊತೆ ಬರುವ ಈ ಮೋಟಾರನ್ನು ರೇಸಿನವರು ಸಿಲ್ವರ್ ಕ್ಯಾನ್ ಎಂದೇ ಕರೆಯುತ್ತಾರೆ. ಸಾಕೆನಿಸಿದಷ್ಟು ವೇಗ, ಬಹಳ ಬಾಳಿಕೆ. ಆದರೆ ಗೆಲ್ಲುವ ಹಂಬಲ ಹತ್ತಿದವರಿಗೆ ಅದು ಸಾಲದು. ಒಳಗಿನ ಆರ್ಮೇಚರಿಗೆ ತಾಮ್ರದ ತಂತಿಯನ್ನು ಎಷ್ಟು ಸುತ್ತು ಸುತ್ತಿದೆ ಎನ್ನುವುದರ ಮೇಲೆ ಮೋಟಾರಿನ ಸ್ವಭಾವ ನಿಂತಿದೆ. ಸುತ್ತು ಕಡಿಮೆಯಾದಷ್ಟೂ ವೇಗ ಹೆಚ್ಚು, ಬ್ಯಾಟರಿ ಕುಡಿಯುವುದೂ ಹೆಚ್ಚು. ಸಾಮಾನ್ಯ ತರಗತಿಗೆ 27 ಸುತ್ತು ಎಂದು ನಿಯಮವಿತ್ತು. ಮೇಲಿನ ತರಗತಿಯಲ್ಲಿ ಹತ್ತಕ್ಕೂ ಕೆಳಗೆ ಇಳಿದವರಿದ್ದರು.

ಆ ಕಾಲದ ರೇಸಿನ ಡೇರೆಯೊಳಗೆ ಮೇಜಿನ ಮೇಲೆ ಪುಟ್ಟ ಲೇತ್ ಯಂತ್ರ ಇರುತ್ತಿತ್ತು. ಕೆಲವೇ ಓಟಗಳಲ್ಲಿ ಕಾರ್ಬನ್ ಬ್ರಷ್ ಉಜ್ಜಿ ತಾಮ್ರದ ಕಮ್ಯುಟೇಟರು ಸುಟ್ಟು ಗೀರಾಗುತ್ತಿತ್ತು. ಮೋಟಾರು ಬಿಚ್ಚಿ, ಆರ್ಮೇಚರನ್ನು ಲೇತಿಗೆ ಕಟ್ಟಿ, ಕೂದಲೆಳೆಯಷ್ಟು ತಾಮ್ರ ತೆಗೆದು, ಹೊಸ ಬ್ರಷ್ ಹಾಕಿ ಮತ್ತೆ ಜೋಡಿಸಬೇಕು. ಈ ಕೈಚಳಕ ಬಲ್ಲವನ ಕಾರು ನೇರ ದಾರಿಯಲ್ಲಿ ಒಂದು ಗಜ ಮುಂದಿರುತ್ತಿತ್ತು. ಚೆನ್ನಾಗಿ ಓಡಿಸಬಲ್ಲ, ಆದರೆ ಲೇತ್ ಕೊಳ್ಳಲಾಗದ ಹುಡುಗ ಹಿಂದೆ ಉಳಿಯುತ್ತಿದ್ದ. 2000ರ ದಶಕದ ಮೊದಲಾರ್ಧದಲ್ಲಿ ಅಮೆರಿಕದ ನೊವಾಕ್ ಕಂಪನಿ ಸೆನ್ಸರ್ ಇರುವ ಬ್ರಷ್‌ಲೆಸ್ ಮೋಟಾರನ್ನು ಈ ಕಾರುಗಳಿಗೆ ತಂದಾಗ ಆ ಅನ್ಯಾಯ ಬಹುಮಟ್ಟಿಗೆ ತೊಲಗಿತು. ಇದರಲ್ಲಿ ತಿರುಗುವುದು ಆಯಸ್ಕಾಂತ, ತಂತಿ ಸುತ್ತಿದ ಭಾಗ ಅಲ್ಲಾಡದು; ಉಜ್ಜುವ ಬ್ರಷ್ಷೇ ಇಲ್ಲ. ಆಯಸ್ಕಾಂತ ಎಲ್ಲಿದೆ ಎಂದು ಸೆನ್ಸರ್ ಹೇಳುತ್ತದೆ, ಅದಕ್ಕೆ ತಕ್ಕಂತೆ ಸ್ಪೀಡ್ ಕಂಟ್ರೋಲರ್ ವಿದ್ಯುತ್ತು ಬಿಡುತ್ತದೆ. ಇಂದಿನ 13.5, 17.5, 21.5 ಎಂಬ ತರಗತಿಗಳು ಈ ಹೊಸ ಮೋಟಾರಿನ ಸುತ್ತುಗಳ ಲೆಕ್ಕ. ಈ ಕ್ರೀಡೆಯ ಇತಿಹಾಸದಲ್ಲಿ ಸಾಮಾನ್ಯ ಹವ್ಯಾಸಿಗೆ ಇಷ್ಟು ಒಳ್ಳೆಯದು ಮಾಡಿದ ಬದಲಾವಣೆ ಮತ್ತೊಂದಿಲ್ಲ.

ಪೈಪೋಟಿ ಅಲ್ಲಿಗೇ ನಿಲ್ಲಲಿಲ್ಲ. ರೆಸಿಸ್ಟರಿನ ಕಾಲ ಹೋಗಿ ಟ್ರಾನ್ಸಿಸ್ಟರಿನ ಸ್ಪೀಡ್ ಕಂಟ್ರೋಲರ್ 1980ರ ದಶಕದಲ್ಲೇ ಬಂದಿತ್ತು. ಬ್ರಷ್‌ಲೆಸ್ ಬಂದ ಮೇಲೆ ಅದರೊಳಗೆ ಸಾಫ್ಟ್‌ವೇರ್ ಸೇರಿತು. ಮೋಟಾರು ವೇಗ ಹಿಡಿದ ಹಾಗೆ ಟೈಮಿಂಗನ್ನು, ಅಂದರೆ ವಿದ್ಯುತ್ತು ಬಿಡುವ ಗಳಿಗೆಯನ್ನು, ತಾನೇ ಮುಂದಕ್ಕೆ ಜರುಗಿಸುವ ಪ್ರೋಗ್ರಾಮುಗಳು ಹುಟ್ಟಿದವು. ನೋಡನೋಡುತ್ತಲೇ ನಿಧಾನದ 17.5 ಮೋಟಾರು ಹುಚ್ಚು ವೇಗದ ಮೋಟಾರಿನಂತೆ ಓಡತೊಡಗಿತು. ಹೊಸಬರ ತರಗತಿಯಲ್ಲಿ ಹೊಸಬರೇ ನಿಲ್ಲಲಾಗಲಿಲ್ಲ. 2010ರ ಸುಮಾರಿಗೆ ಸಂಘಟಕರು ಟೈಮಿಂಗ್ ಜರುಗಿಸುವುದನ್ನು ನಿಷೇಧಿಸಿದ ತರಗತಿ ತೆರೆದರು. ಕಂಟ್ರೋಲರ್ ಆ ಸ್ಥಿತಿಯಲ್ಲಿದೆ ಎಂಬುದಕ್ಕೆ ಅದರ ದೀಪ ಮಿಣುಕುತ್ತಿರಬೇಕು, ತಪಾಸಣೆಯವರು ಬಗ್ಗಿ ನೋಡಿದರೆ ಸಾಕು. ಅದರಿಂದಲೇ ಆ ತರಗತಿಗೆ ಬ್ಲಿಂಕಿ ಎಂಬ ಹೆಸರು ನಿಂತಿತು. ಕೊಳ್ಳುವವರು ಕಂಟ್ರೋಲರ್ ಆರಿಸುವಾಗ ಬ್ಲಿಂಕಿ ಮೋಡ್ ಇದೆಯೇ ಎಂದು ಕೇಳುವುದು ಈ ಕಾರಣಕ್ಕೆ.

ಗೇರಿನ ಲೆಕ್ಕವನ್ನು ಹೆಚ್ಚು ಜನ ಕಡೆಗಣಿಸುತ್ತಾರೆ, ಮೋಟಾರು ಸುಟ್ಟ ಮೇಲೆ ಕಲಿಯುತ್ತಾರೆ. ಟಿಟಿ-02ರಲ್ಲಿ ದೊಡ್ಡ ಗೇರಿಗೆ 70 ಹಲ್ಲು, ಮೋಟಾರಿನ ಪಿನಿಯನ್‌ಗೆ 22, ಒಳಗಿನ ಅನುಪಾತ 2.6. ಎಪ್ಪತ್ತನ್ನು ಇಪ್ಪತ್ತೆರಡರಿಂದ ಭಾಗಿಸಿ 2.6ರಿಂದ ಗುಣಿಸಿದರೆ ಸುಮಾರು 8.27. ಮೋಟಾರು ಎಂಟು ಸುತ್ತಿಗಿಂತ ಸ್ವಲ್ಪ ಹೆಚ್ಚು ತಿರುಗಿದಾಗ ಚಕ್ರ ಒಂದು ಸುತ್ತು ತಿರುಗುತ್ತದೆ. ಪಿನಿಯನ್ ದೊಡ್ಡದು ಮಾಡಿದರೆ ಕೊನೆಯ ವೇಗ ಏರುತ್ತದೆ, ಬಿಸಿಯೂ ಏರುತ್ತದೆ. ಓಟ ಮುಗಿದೊಡನೆ ಮೋಟಾರನ್ನು ಮುಟ್ಟಿ ನೋಡುವ ಹಳೆಯ ಅಭ್ಯಾಸ ಇಂದಿಗೂ ಒಳ್ಳೆಯ ಸಲಹೆಗಾರ. ಬೆರಳು ನಿಲ್ಲದಷ್ಟು ಸುಡುತ್ತಿದ್ದರೆ ಪಿನಿಯನ್ನಿನ ಹಲ್ಲು ಇಳಿಸಬೇಕು.

ಬ್ಯಾಟರಿಯ ಸಂಕಟ ಎಲ್ಲಕ್ಕಿಂತ ಹಳೆಯದು. 1.2 ವೋಲ್ಟಿನ ಆರು ನಿಕಲ್ ಕ್ಯಾಡ್ಮಿಯಂ ಸೆಲ್‌ಗಳನ್ನು ಬೆಸುಗೆ ಹಾಕಿ ಜೋಡಿಸಿದರೆ 7.2 ವೋಲ್ಟ್. ಮೊದಮೊದಲು ಸಿಗುತ್ತಿದ್ದದ್ದು 1,200 ಮಿಲಿಆಂಪ್ ಅವರ್ ಸಾಮರ್ಥ್ಯದವು. ಆಮೇಲೆ ಜಪಾನಿನ ಸಾನ್ಯೊದಿಂದ 1,700ರವು ಬಂದಾಗ ರೇಸಿನವರು ಹಬ್ಬ ಮಾಡಿದರು. ಐದು ನಿಮಿಷದ ಟೂರಿಂಗ್ ರೇಸಿನಲ್ಲಿ ಆ 1,700ನ್ನು ಪೂರ್ತಿ ಹೀರಿದರೆ ಸರಾಸರಿ ಇಪ್ಪತ್ತು ಆಂಪಿಯರ್ ಹರಿದಂತಾಯಿತು. ಮೋಟಾರು ಜೋರಿದ್ದರೆ ನಾಲ್ಕನೇ ನಿಮಿಷಕ್ಕೇ ಕಾರು ಕುಂಟುತ್ತಿತ್ತು. ಗೆಲ್ಲಬೇಕಾದವನಿಗೆ ಬೆರಳಲ್ಲಿ ಟ್ರಿಗರ್ ಎಷ್ಟು ಹೊತ್ತು ಅದುಮಬೇಕು, ಎಷ್ಟು ಬಿಡಬೇಕು ಎಂಬ ಲೆಕ್ಕ ಗೊತ್ತಿರಬೇಕಿತ್ತು. ಒಂದೇ ಗುಣದ ಆರು ಸೆಲ್‌ಗಳನ್ನು ಪರೀಕ್ಷೆ ಮಾಡಿ ಆಯ್ದು ಕಟ್ಟಿದ ಪ್ಯಾಕುಗಳಿಗೆ ಮಾಮೂಲಿ ಪ್ಯಾಕಿನ ಹಲವು ಪಟ್ಟು ಬೆಲೆ. ಒಂದು ಋತು ಮುಗಿಯುವಷ್ಟರಲ್ಲಿ ಅವೂ ಹಳತು.

ಆಮೇಲೆ ನಿಕಲ್ ಮೆಟಲ್ ಹೈಡ್ರೈಡ್ ಬಂತು, 3,000 ದಾಟಿ 4,000 ದಾಟಿತು. ಅದರ ಸ್ವಭಾವ ತುಸು ಹಠಮಾರಿ, ಹೆಚ್ಚು ಚಾರ್ಜ್ ತುಂಬಿದರೆ ಸಿಡಿಯುತ್ತಿತ್ತು. 2000ರ ದಶಕದ ಕೊನೆಗೆ ಗಟ್ಟಿ ಪ್ಲಾಸ್ಟಿಕ್ ಕವಚದ ಲೈಪೋ, ಅಂದರೆ ಲಿಥಿಯಂ ಪಾಲಿಮರ್ ಬ್ಯಾಟರಿಗೆ ರೇಸಿನ ನಿಯಮಗಳು ಬಾಗಿಲು ತೆರೆದವು. ಎರಡು ಸೆಲ್, 7.4 ವೋಲ್ಟ್, ತೂಕದಲ್ಲಿ ಹಗುರ, ಓಟದ ಕೊನೆಯವರೆಗೂ ಶಕ್ತಿ ಕುಗ್ಗದು. ಇಂದಿನ ಪ್ಯಾಕುಗಳಲ್ಲಿ ಐದು ನಿಮಿಷದ ರೇಸಿಗೆ ಬೇಕಾದದ್ದಕ್ಕಿಂತ ಹೆಚ್ಚೇ ಇದೆ, ಹಾಗಾಗಿ ಮಿಲಿಆಂಪ್ ಸಂಖ್ಯೆ ನೋಡಿ ಬೆರಗಾಗಬೇಕಿಲ್ಲ. ಹೊಸಬರು ಇಲ್ಲಿ ದುಡ್ಡು ಉಳಿಸಬಹುದು. ಚಾರ್ಜರಿನಲ್ಲಿ ಮಾತ್ರ ಉಳಿಸಬಾರದು. ಎರಡೂ ಸೆಲ್‌ಗಳನ್ನು ಸರಿದೂಗಿಸುವ ಬ್ಯಾಲೆನ್ಸ್ ಚಾರ್ಜರ್ ಬೇಕೇ ಬೇಕು. ತುಂಬಿದಾಗ ಎರಡು ಸೆಲ್ ಸೇರಿ 8.4 ವೋಲ್ಟ್, ಅದಕ್ಕಿಂತ ಮೇಲೆ ಹೋಗಕೂಡದು. ಎತ್ತಿಡುವಾಗ ಒಂದೊಂದು ಸೆಲ್ 3.8 ವೋಲ್ಟಿನ ಆಸುಪಾಸಿನಲ್ಲಿರಬೇಕು. ಉಬ್ಬಿದ ಪ್ಯಾಕನ್ನು ಇನ್ನೊಮ್ಮೆ ಬಳಸಬಾರದು, ಚಾರ್ಜಿಗೆ ಹಾಕಿ ಮನೆ ಬಿಟ್ಟು ಹೋಗಬಾರದು. ಲೈಪೋ ಹೊತ್ತಿಕೊಂಡರೆ ನೀರು ಹುಯ್ದು ಸುಲಭಕ್ಕೆ ಆರಿಸುವ ಬೆಂಕಿಯಲ್ಲ ಅದು.

ರೇಡಿಯೊ ವಿಷಯಕ್ಕೆ ಬಂದರೆ, ಹಳೆಯ ರೇಸಿನ ಆವರಣದಲ್ಲಿ ಮೊದಲು ಕಾಣುತ್ತಿದ್ದದ್ದು ಬಣ್ಣದ ಪಟ್ಟಿಗಳು. 27 ಮೆಗಾಹರ್ಟ್ಸ್ ಸುತ್ತ ಆರು ಚಾನೆಲ್, ಒಂದೊಂದಕ್ಕೆ ಒಂದು ಬಣ್ಣ: ಕಂದು, ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ. ಟ್ರಾನ್ಸ್‌ಮಿಟರಿಗೊಂದು, ರಿಸೀವರಿಗೊಂದು ಕ್ರಿಸ್ಟಲ್ ಚುಚ್ಚಬೇಕು. ಒಂದೇ ಬಣ್ಣದ ಇಬ್ಬರು ಒಟ್ಟಿಗೆ ಸ್ವಿಚ್ ಹಾಕಿದರೆ ಒಬ್ಬನ ಕಾರು ಇನ್ನೊಬ್ಬನ ಮಾತು ಕೇಳುತ್ತಿತ್ತು, ಗೋಡೆಗೆ ಬಡಿಯುತ್ತಿತ್ತು. ಅದಕ್ಕೇ ಸಂಘಟಕರು ಹಲಗೆಯೊಂದರಲ್ಲಿ ಬಣ್ಣದ ಕ್ಲಿಪ್ ಸಿಕ್ಕಿಸಿಡುತ್ತಿದ್ದರು. ಕ್ಲಿಪ್ ಕೈಯಲ್ಲಿದ್ದವನಿಗೆ ಮಾತ್ರ ರೇಡಿಯೊ ಹಾಕಲು ಹಕ್ಕು. 2000ರ ದಶಕದ ನಡುವೆ ಸ್ಪೆಕ್ಟ್ರಮ್ ಕಂಪನಿ 2.4 ಗಿಗಾಹರ್ಟ್ಸ್ ರೇಡಿಯೊ ತಂದ ಮೇಲೆ ಕ್ರಿಸ್ಟಲ್ ಕೆಲವೇ ವರ್ಷಗಳಲ್ಲಿ ಮರೆಯಾಯಿತು. ಟ್ರಾನ್ಸ್‌ಮಿಟರ್ ತನ್ನ ರಿಸೀವರನ್ನು ಗುರುತಿನ ಸಂಖ್ಯೆಯಿಂದ ಹಿಡಿಯುತ್ತದೆ, ಬೇರೆಯವರ ಸದ್ದು ಅದಕ್ಕೆ ಕೇಳುವುದೇ ಇಲ್ಲ. ಭಾರತ ಸರ್ಕಾರ ಕಡಿಮೆ ಶಕ್ತಿಯ ಉಪಕರಣಗಳಿಗೆ ಇದೇ ತರಂಗಪಟ್ಟಿಯನ್ನು 2005ರಲ್ಲಿ ಲೈಸೆನ್ಸ್‌ನಿಂದ ಮುಕ್ತಗೊಳಿಸಿತು. ಬ್ಲೂಟೂತ್, ವೈಫೈಗೆ ಅನುಕೂಲವಾದ ಆ ನಿಯಮ ನಮ್ಮ ರೇಡಿಯೊ ಕಾರಿನವರಿಗೂ ದಾರಿ ಸುಗಮ ಮಾಡಿತು.

ರೇಡಿಯೊ ಒಮ್ಮೆ ಒಳ್ಳೆಯದು ಕೊಂಡರೆ ನಾಲ್ಕಾರು ಕಾರುಗಳ ಆಯುಷ್ಯಕ್ಕೆ ಬರುತ್ತದೆ. ಸರ್ವೊ ವಿಷಯದಲ್ಲೂ ಜುಗ್ಗತನ ಬೇಡ. ಮೋಟಾರು ಎಷ್ಟೇ ಜೋರಿರಲಿ, ಸ್ಟಿಯರಿಂಗ್ ನೆಟ್ಟಗೆ ಮರಳದಿದ್ದರೆ ಸಾಲು ಹಿಡಿದು ಓಡಿಸಲಾಗದು. ಅಗ್ಗದ ಕೆಲವು ಕಿಟ್‌ಗಳಲ್ಲಿ ಬೇರಿಂಗ್ ಬದಲು ಬುಷ್ ಇರುತ್ತವೆ. ಮೊದಲ ದಿನವೇ ಅವನ್ನು ತೆಗೆದು ಬಾಲ್ ಬೇರಿಂಗ್ ಹಾಕಿದರೆ ಕಡಿಮೆ ಖರ್ಚಿನಲ್ಲಿ ಅತಿ ಹೆಚ್ಚು ಫಲ.

ಮೈ ಬಗ್ಗೆ ಒಂದು ದುಃಖ ಹೇಳಲೇಬೇಕು. ಟೂರಿಂಗ್ ಕಾರು ಜನಪ್ರಿಯವಾದದ್ದೇ ನಿಜವಾದ ಕಾರಿನ ಹಾಗೆ ಕಾಣುತ್ತದೆ ಎಂದು. ಪಾರದರ್ಶಕ ಪಾಲಿಕಾರ್ಬನೇಟ್ ಮೈಗೆ ಒಳಗಡೆಯಿಂದ ಬಣ್ಣ ಹಚ್ಚುತ್ತಾರೆ, ಹೊರಗೆ ಎಷ್ಟು ಉಜ್ಜಿದರೂ ಬಣ್ಣ ಹೋಗಬಾರದೆಂದು. ಗಾಢ ಬಣ್ಣ ಮೊದಲು, ತಿಳಿ ಬಣ್ಣ ಆಮೇಲೆ. ಆದರೆ ರೇಸಿನವರು ಗಾಳಿಯ ಒತ್ತಡ ಹುಡುಕುತ್ತಾ ಹೊರಟರು. ಪ್ರೊಟೊಫಾರ್ಮ್ ಹೊರತಂದ ಡಾಡ್ಜ್ ಸ್ಟ್ರ್ಯಾಟಸ್, ಆಮೇಲೆ ಮಜ್ದಾ 6 ಮೈಗಳು ಇಡೀ ಗ್ರಿಡ್ ತುಂಬಿದವು. ಮುಂದೆ ಬಂದವುಗಳಲ್ಲಿ ಗಾಜು ಮುಂದಕ್ಕೆ ಜಾರಿತು, ಮೂತಿ ನೆಲ ಹಿಡಿಯಿತು, ಯಾವ ಕಾರೆಂದು ಯಾರೂ ಹೇಳಲಾಗದ ಸ್ಥಿತಿಗೆ ಬಂತು. ವೇಗ ಸಿಕ್ಕಿತು, ನಿಂತು ನೋಡುವ ದಾರಿಹೋಕ ತಪ್ಪಿಹೋದ. ಅಮೆರಿಕದಲ್ಲಿ ಹಳೆಯ ಟ್ರಾನ್ಸ್ ಆಮ್ ಕಾರುಗಳ ಮೈ ಮತ್ತು ನಿಧಾನದ ಮೋಟಾರು ಕಡ್ಡಾಯ ಮಾಡಿದ ತರಗತಿಗಳು ಹುಟ್ಟಿದ್ದು ಈ ನಷ್ಟವನ್ನು ತುಂಬಲೆಂದೇ. ಅವು ಜನಪ್ರಿಯವಾಗಿಯೂ ಇವೆ.

ವೇಗವೇ ಬೇಕೆಂದರೆ ಅದಕ್ಕೆ ಕೊನೆಯಿಲ್ಲ. ಟಿಸಿ3ರ ವಿನ್ಯಾಸಕಾರ ಕ್ಲಿಫ್ ಲೆಟ್ 2001ರಲ್ಲಿ ಕ್ಯಾಲಿಫೋರ್ನಿಯಾದ ಇರ್ವಿಂಡೇಲ್‌ನಲ್ಲಿ ಗಂಟೆಗೆ 111 ಮೈಲಿ ತಲುಪಿ ಗಿನ್ನೆಸ್ ದಾಖಲೆ ಬರೆದರು. 2014ರಲ್ಲಿ ನಿಕ್ ಕೇಸ್ ಎಂಬುವರ ಬ್ಯಾಟರಿ ಕಾರು ಗಂಟೆಗೆ 325 ಕಿಲೋಮೀಟರ್ ದಾಟಿತು. ಅವು ನೇರ ದಾರಿಗೆಂದೇ ಕಟ್ಟಿದ ಯಂತ್ರಗಳು, ತಿರುವು ಅವಕ್ಕೆ ಗೊತ್ತಿಲ್ಲ. ಟೂರಿಂಗ್ ಕಾರಿನ ಪರೀಕ್ಷೆ ಇರುವುದು ತಿರುವಿನಲ್ಲಿ, ಅಲ್ಲಿ ನಿರ್ಣಾಯಕವಾಗುವುದು ಟಯರು. ಬಿಸಿ ನೆಲಕ್ಕೆ ಗಟ್ಟಿ ರಬ್ಬರು, ತಂಪು ನೆಲಕ್ಕೆ ಮೆದು ರಬ್ಬರು. ಇಂದಿನ ಹೆಚ್ಚಿನ ಸ್ಪರ್ಧೆಗಳಲ್ಲಿ ಎಲ್ಲರಿಗೂ ಒಂದೇ ಟಯರು ಕಡ್ಡಾಯ, ದುಡ್ಡಿನ ಪೈಪೋಟಿ ತಡೆಯಲು.

ಈ ಕಾರಣಕ್ಕೇ ಕೊಳ್ಳುವ ಕ್ರಮ ಅಂಗಡಿಯಿಂದ ಶುರುವಾಗಬಾರದು. ಹತ್ತಿರದಲ್ಲಿ ಎಲ್ಲಿ ಓಡಿಸುತ್ತಾರೋ ಅಲ್ಲಿಗೆ ಒಂದು ಭಾನುವಾರ ಬರಿಗೈಯಲ್ಲಿ ಹೋಗಿ, ಯಾವ ತರಗತಿ ನಡೆಯುತ್ತದೆ, ಯಾವ ಟಯರು, ಯಾವ ಮೋಟಾರು ಎಂದು ಕೇಳಿಕೊಂಡು ಬರಬೇಕು. ಅಲ್ಲಿ ಹೆಚ್ಚು ಜನರ ಕೈಯಲ್ಲಿರುವ ಚಾಸಿಯನ್ನೇ ಆರಿಸಿದರೆ ಸಸ್ಪೆನ್ಶನ್ ತೋಳು ಮುರಿದ ದಿನ ಪಕ್ಕದ ಮೇಜಿನವರಲ್ಲಿ ಒಂದು ಸಿಗುತ್ತದೆ. ವಿದೇಶದಿಂದ ಪಾರ್ಸೆಲ್ ಬರುವವರೆಗೆ ವಾರಗಟ್ಟಲೆ ಕಾಯಬೇಕಿಲ್ಲ. ಓಡಿಸುವವರೇ ಇಲ್ಲದ ಊರಾದರೆ ಶಾಫ್ಟಿನ ಟಿಟಿ-02, ಅದರ ಜೊತೆ ಬರುವ ಸಿಲ್ವರ್ ಕ್ಯಾನ್, ಒಂದು ಸೆಟ್ ಬಾಲ್ ಬೇರಿಂಗ್, ಗಟ್ಟಿ ಕವಚದ ಎರಡು ಸೆಲ್ ಲೈಪೋ, ಅದಕ್ಕೆ ಒಗ್ಗುವ ಸ್ಪೀಡ್ ಕಂಟ್ರೋಲರ್ ಮತ್ತು ಬ್ಯಾಲೆನ್ಸ್ ಚಾರ್ಜರ್, ಕೈಗೆಟುಕುವ ಮಟ್ಟಿಗೆ ಒಳ್ಳೆಯ ರೇಡಿಯೊ ಇಷ್ಟು ಸಾಕು. 17.5ರ ಬ್ರಷ್‌ಲೆಸ್ ಮೋಟಾರನ್ನು, ಗೋಡೆಗೆ ಬಡಿಯದೆ ಐದು ನಿಮಿಷ ಪೂರ್ತಿ ಓಡಿಸಲು ಬಂದ ಮೇಲೆ ಕೊಂಡರಾಯಿತು.